ಮುಷ್ಟಿ ಹಿಡಿದರೆ ಎಸೆಯಬಾರದು

ಬೇಸ್‌ಬಾಲ್ ಹುಚ್ಚಿರುವವರು ಬೆಂಗಳೂರಿನಲ್ಲಿ ಹುಟ್ಟಬಾರದು. ಹುಟ್ಟಿದರೂ ಬಾಯಿ ಮುಚ್ಚಿಕೊಂಡು ಇರಬೇಕು. ನನಗೆ ಆ ಎರಡನೆಯದು ಹುಟ್ಟಾ ಬಂದಿಲ್ಲ, ಅದಕ್ಕೇ ಇಷ್ಟು ಪಾಡು. ಬ್ಯಾಟು ಹಿಡಿದು ಆಟೋ ಹತ್ತಿದರೆ ಡ್ರೈವರು ರಸ್ತೆ ಬಿಟ್ಟು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾನೆ. ಒಬ್ಬನಂತೂ ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಂತಾಗ ಕೇಳಿಯೇಬಿಟ್ಟ: "ಮೇಡಂ, ಯಾರಿಗೆ ಹೊಡಿಯಕ್ಕೆ ಹೋಗ್ತಿದೀರ?" ಚೆಂಡಿಗೆ ಕಣಪ್ಪಾ ಅಂದೆ. ನಂಬಲಿಲ್ಲ.

ಕ್ರಿಕೆಟ್ ಹುಡುಗರದ್ದು ಇನ್ನೊಂದು ಕಾಟ. ನಾನು ಎಸೆದ ಚೆಂಡು ನೆಲಕ್ಕೆ ತಾಗದೆ ಸೀದಾ ಹೋಗುತ್ತದಲ್ಲ, ಅವರಿಗೆ ಅದು ಸಹಿಸಲಾಗದು. "ಆಂಟೀ, ಫುಲ್ ಟಾಸ್!" ಎಂದು ಕೂಗುತ್ತಾರೆ. "ಆಂಟೀ, ಕೈ ಬೆಂಡ್ ಆಯ್ತು, ನೋ ಬಾಲ್!" ಲೇ, ಇದು ಆ ಆಟ ಅಲ್ಲ ಕಣ್ರೋ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದು ಹೋಗಿದೆ.

ಇನ್ನು ಅಮೆರಿಕದ್ದೊಂದು ತಂಡವನ್ನು ನಾನು ಕಟ್ಟಿಕೊಂಡಿದ್ದೇನೆ. ಯಾಕೆ ಅದೇ ತಂಡ ಎಂದರೆ, ಮೊದಲ ಸಲ ಟೀವಿಯಲ್ಲಿ ಆ ಆಟ ಕಂಡಾಗ ಸೋಲುತ್ತಿದ್ದದ್ದು ಅದು. ಅಯ್ಯೋ ಪಾಪ ಅನ್ನಿಸಿತು. ಇವತ್ತಿಗೂ ಪಾಪ ಅನ್ನಿಸುವಂತೆಯೇ ಆಡುತ್ತದೆ. ಅವರ ರಾತ್ರಿಯ ಆಟ ನಮಗೆ ಬೆಳಗಿನ ಹಾಲು ಕಾಯಿಸುವ ಹೊತ್ತು. ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿಟ್ಟು ನೋಡುತ್ತೇನೆ, ಹಾಲು ಉಕ್ಕಿಸುತ್ತೇನೆ, ಬೈಸಿಕೊಳ್ಳುತ್ತೇನೆ. "ಯಾವ್ದೋ ಊರಲ್ಲಿ ಯಾರೋ ಸೋತ್ರೆ ನಿಂಗೇನೇ?" ಎಂದು ನಮ್ಮೆಜಮಾನರು ಕೇಳುತ್ತಾರೆ. ಕಳೆದ ವರ್ಷ ಆ ತಂಡದವರು ನನ್ನ ಇಷ್ಟದ ಎಸೆತಗಾರನನ್ನು ಸೀಸನ್ನಿನ ಮಧ್ಯದಲ್ಲೇ ಎದುರಾಳಿಗೆ ಮಾರಿಬಿಟ್ಟರು. ಎರಡು ದಿನ ಅನ್ನ ಸೇರಲಿಲ್ಲ. ಆದರೆ ಆ ದ್ರೋಹ ದೂರದ್ದು, ಅವರಿಗೆ ನಾನೊಬ್ಬಳು ಇದ್ದೇನೆಂದೇ ಗೊತ್ತಿಲ್ಲ. ಹೇಳಬೇಕೆಂದುಕೊಂಡಿರುವುದು ಹತ್ತಿರದವಳ ವಿಷಯ.

ಅವಳೂ ನಾನೂ ಫ್ರೇಜರ್ ಟೌನಿನ ಒಂದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವರು. ಅವಳದು ಹಲಸೂರಿನ ತಮಿಳು ಮನೆ, ನನ್ನದು ಅಲ್ಲೇ ಎರಡು ಬೀದಿ ಆಚೆ. ಶಾಲೆಯಲ್ಲಿ ಸಾಫ್ಟ್‌ಬಾಲ್ ಇತ್ತು, ಬೇಸ್‌ಬಾಲಿನ ತಂಗಿ ಅನ್ನಿ. ನಾನು ಪಿಚರ್, ಅಂದರೆ ಚೆಂಡೆಸೆಯುವವಳು. ಅವಳು ಕ್ಯಾಚರ್, ಬ್ಯಾಟು ಹಿಡಿದವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು. ಯಾವ ಚೆಂಡು ಎಸೆಯಬೇಕೆಂದು ಹೇಳುವವಳೂ ಅವಳೇ, ಅದೂ ಬಾಯಲ್ಲಲ್ಲ, ತೊಡೆಯ ಸಂದಿನಲ್ಲಿ ಬೆರಳು ತೋರಿಸಿ. ಒಂದು ಬೆರಳೆಂದರೆ ವೇಗವಾಗಿ, ನೇರವಾಗಿ. ಎರಡೆಂದರೆ ನಿಧಾನ. ಮೂರೆಂದರೆ ಬ್ಯಾಟಿಗೆ ಎಟುಕದಷ್ಟು ಹೊರಗೆ. ಮುಷ್ಟಿ ಹಿಡಿದರೆ ಎಸೆಯಬಾರದು, ಚೆಂಡು ಕೈಯಲ್ಲೇ ಇಟ್ಟುಕೊಂಡು ನಿಲ್ಲಬೇಕು. ನನ್ನ ಬೆನ್ನ ಹಿಂದೆ ಯಾರೋ ಕಳ್ಳ ಹೆಜ್ಜೆ ಇಟ್ಟು ಓಡಲು ಕಾದಿದ್ದಾರೆ ಎಂದು ಅರ್ಥ.

ಇಷ್ಟವಿಲ್ಲದಿದ್ದರೆ ಪಿಚರ್ ತಲೆ ಅಡ್ಡಡ್ಡ ಆಡಿಸಬಹುದು, ಕ್ಯಾಚರ್ ಬೇರೆ ಬೆರಳು ತೋರಿಸುತ್ತಾಳೆ. ನಮ್ಮ ಪಿ.ಟಿ. ಮಿಸ್ ಮಾತ್ರ ಅದಕ್ಕೆ ಬಿಡುತ್ತಿರಲಿಲ್ಲ. "ನಿಂಗೆ ಬೆನ್ನಲ್ಲಿ ಕಣ್ಣಿದ್ಯೇನೇ? ಅವ್ಳಿಗೆ ಇಡೀ ಗ್ರೌಂಡ್ ಕಾಣ್ಸತ್ತೆ. ಅವ್ಳು ಹೇಳಿದ್ದು ಮಾಡು, ಜಗಳ ಆಮೇಲೆ" ಎನ್ನುತ್ತಿದ್ದರು. ಆ ಮಾತು ನನ್ನ ಮೂಳೆಯಲ್ಲಿ ಇಳಿದುಬಿಟ್ಟಿತು. ಎಲ್ಲರ ಜೊತೆ ಜಗಳ ಆಡಿದ್ದೇನೆ, ಹೆತ್ತ ತಾಯಿಯ ಜೊತೆಯೂ. ಅವಳ ಬೆರಳಿಗೆ ಮಾತ್ರ ಒಂದು ದಿನವೂ ತಲೆ ಅಡ್ಡ ಆಡಿಸಿದವಳಲ್ಲ.

ಮದುವೆಯಾದ ಮೇಲೆ ಇಬ್ಬರೂ ಕಮ್ಮನಹಳ್ಳಿ ಕಡೆಯ ಒಂದೇ ಬಡಾವಣೆಗೆ ಬಂದು ಬಿದ್ದದ್ದು ನಮ್ಮ ಅದೃಷ್ಟ. ಅಲ್ಲೊಂದು ಪಾಲಿಕೆಯ ಬಯಲು ಇತ್ತು. ಮೂಲೆಯಲ್ಲೊಂದು ಹೊಂಗೆಮರ, ಒಂದು ಪಕ್ಕ ಮುರಿದ ಕಾಂಪೌಂಡು. ಭಾನುವಾರ ಬೆಳಿಗ್ಗೆ ಕ್ರಿಕೆಟ್ಟಿನವರು ಏಳುವ ಮೊದಲು ನಾವು ಅಲ್ಲಿರುತ್ತಿದ್ದೆವು. ಮೊದಲು ನಾವಿಬ್ಬರೇ. ಆಮೇಲೆ ಶಿವಾಜಿನಗರದಲ್ಲಿ ಚರ್ಮದ ಬ್ಯಾಗಿನ ಅಂಗಡಿ ಇಟ್ಟಿರುವ ಭಾಯ್ ಸೇರಿಕೊಂಡರು. ಅವಳ ಹರಿದ ಗ್ಲೌಸನ್ನು ಹೊಲಿಸಲು ಕೊಟ್ಟಿದ್ದೆ, ಇದೇನು ಆಪಾ ಎಂದು ಅಕ್ಕನನ್ನು ಕೇಳುವ ಹಾಗೆ ಕೇಳಿದವರು ಮುಂದಿನ ವಾರ ಬಯಲಿನಲ್ಲಿ ಹಾಜರು. ದೊಡ್ಡನೆಕ್ಕುಂದಿಯ ಆಫೀಸುಗಳಿಂದ ಹುಬ್ಬಳ್ಳಿ, ದಾವಣಗೆರೆ ಕಡೆಯ ನಾಲ್ಕಾರು ಹುಡುಗ ಹುಡುಗಿಯರು ಬಂದರು. ಸಾಫ್ಟ್‌ಬಾಲ್ ಬಿಟ್ಟು ಬೇಸ್‌ಬಾಲಿಗೇ ಇಳಿದೆವು. ವಾರವೆಲ್ಲ ಬ್ಯಾಂಕಿನಲ್ಲಿ ಜನರ ಮುಖ ನೋಡಿ ನೋಡಿ ಸಾಕಾಗಿದ್ದ ನನಗೆ ಅದೊಂದು ಬೆಳಿಗ್ಗೆ ಇದ್ದರೆ ಸಾಕಿತ್ತು. ನಲವತ್ತು ದಾಟಿದ ಹೆಂಗಸು ಮೈಮರೆತು ಓಡಬಹುದಾದ ಜಾಗ ಈ ಊರಿನಲ್ಲಿ ಇನ್ನೆಲ್ಲಿದೆ ಹೇಳಿ.

ಅವಳ ಮನೆಯ ಮುಂದಿನ ಮೂಲೆಯದು ಬೇರೆ ಕಥೆ. ಎರಡು ರಸ್ತೆ ಸೇರುವ ಜಾಗ. ಕಸದ ಗಾಡಿ ತಪ್ಪಿಸಿಕೊಂಡವರೆಲ್ಲ ಸ್ಕೂಟರು ನಿಲ್ಲಿಸದೆಯೇ ಕವರು ಎಸೆದು ಹೋಗುವುದು ಅಲ್ಲಿಗೇ. ಕೋಳಿ ಅಂಗಡಿಯ ಪುಕ್ಕ, ಮದುವೆ ಛತ್ರದ ಎಲೆ, ಮಕ್ಕಳ ಡೈಪರ್ರು, ಎಲ್ಲವೂ. ಬೀದಿನಾಯಿಗಳು ಅದನ್ನು ಎಳೆದು ತಂದು ಅವಳ ಗೇಟಿನವರೆಗೆ ಹರಡುತ್ತಿದ್ದವು. ಯಾರೋ ಬೆಂಕಿ ಬೇರೆ ಇಡುತ್ತಿದ್ದರು. ಅವಳ ಅತ್ತೆಗೆ ಉಬ್ಬಸ. ಹೊಗೆ ಎದ್ದ ದಿನ ಆ ಮುದುಕಿ ಕಿಟಕಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂತು ಉಸಿರಿಗೆ ಒದ್ದಾಡುವುದನ್ನು ನಾನೂ ನೋಡಿದ್ದೇನೆ. ನಾವಿಬ್ಬರೂ ಸೇರಿ ಒಂದು ದಿನ ಕಸ ಎತ್ತಿಸಿ, ನೀರು ಹಾಕಿ ತೊಳೆದು, ಅಲ್ಲಿ ದೊಡ್ಡ ರಂಗೋಲಿ ಬಿಟ್ಟೆವು. ರಂಗೋಲಿ ಇದ್ದ ಕಡೆ ಜನ ಕಸ ಹಾಕುವುದಿಲ್ಲ ಎಂಬ ನಂಬಿಕೆ ನಮ್ಮೂರಿನಲ್ಲಿದೆ. ಸಂಜೆಯೊಳಗೆ ರಂಗೋಲಿಯ ನಡುವಿನ ಕಮಲದ ಮೇಲೆಯೇ ಒಂದು ಕವರು ಕೂತಿತ್ತು. ಅವಳು ಅದನ್ನು ನೋಡಿ ಒಳಗೆ ಹೋದಳು.

ಆಗ ಪಾಲಿಕೆಯವರು ಬಡಾವಣೆಗೊಂದು ಕಸ ವಿಂಗಡಿಸುವ ಶೆಡ್ ಕೊಡುತ್ತೇವೆಂದರು. ಶೆಡ್ ಬಂದರೆ ಗಾಡಿಗಳು ದಿನಾ ಬರುತ್ತವೆ, ಮೂಲೆಯ ರಾಶಿಗಳು ಹೋಗುತ್ತವೆ. ಜಾಗ ಎರಡಿದ್ದವು. ಒಂದು ನಮ್ಮ ಬಯಲು. ಇನ್ನೊಂದು ನೀರಿನ ಟ್ಯಾಂಕಿನ ಪಕ್ಕದ ಖಾಲಿ ಸೈಟು, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ವರ್ಷವಾದರೂ ಹಿಡಿಯುತ್ತದೆ. ಎಂಜಿನಿಯರು ಬಂದು ಬಡಾವಣೆಯವರನ್ನು ಕೇಳಿ ತೀರ್ಮಾನ ಮಾಡುತ್ತಾರೆಂದು ಗೊತ್ತಾಯಿತು.

ಅವಳು ಬಡಾವಣೆ ಸಂಘದ ಕಮಿಟಿಯಲ್ಲಿದ್ದಳು. ನಾನು ಹಿಂದಿನ ಸಭೆಯೊಂದರಲ್ಲಿ ಅಧ್ಯಕ್ಷರಿಗೇ ಗದರಿ ಎದ್ದು ಬಂದವಳು. ಅದಕ್ಕೇ ಎಂಜಿನಿಯರು ಬರುವ ಹಿಂದಿನ ದಿನ ನನ್ನ ಅಡುಗೆಮನೆಯಲ್ಲಿ ಕೂತು, ನಾನು ಹುಯ್ದ ದೋಸೆ ತಿನ್ನುತ್ತಾ ಹೇಳಿದಳು: "ನಿನ್ ಬಾಯಿಗೆ ನಾಳೆ ಬೀಗ ಹಾಕು ಕಣೇ. ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತಾರೆ. ನಾನು ಟೇಬಲ್ ಹತ್ರ ಕೂತಿರ್ತೀನಿ. ಸಿಗ್ನಲ್ ಕೊಟ್ಟಾಗ ಎದ್ದು ಮಾತಾಡು, ಅಲ್ಲೀವರ್ಗೂ ಸುಮ್ನಿರು."

"ಒಂದು ಬೆರಳು ತೋರ್ಸು ಸಾಕು, ಸೀದಾ ಎಸೀತೀನಿ" ಅಂದೆ. ಇಬ್ಬರೂ ನಕ್ಕೆವು. ಇನ್ನೊಂದು ದೋಸೆ ಹಾಕಿದೆ, ತಿಂದಳು.

ಸಭೆ ಸಂಘದ ಹಾಲಿನಲ್ಲಿ. ಭಾಯ್ ಅಂಗಡಿ ಬಿಟ್ಟು ಬಂದಿದ್ದರು, ಆಫೀಸಿನ ಹುಡುಗರು ಗೋಡೆಗೊರಗಿ ನಿಂತಿದ್ದರು. ಎಂಜಿನಿಯರು ಒಳ್ಳೆಯ ಮನುಷ್ಯ, ಸಮಾಧಾನದಿಂದಲೇ ಕೇಳಿದರು: "ಗ್ರೌಂಡಲ್ಲಿ ಕಾಯಂ ಆಟ ನಡೀತಿದ್ರೆ ಹೇಳಿಬಿಡಿ, ನಾವು ಟ್ಯಾಂಕ್ ಪಕ್ಕದ ಸೈಟಿಗೇ ಟ್ರೈ ಮಾಡ್ತೀವಿ. ಯಾರಾದ್ರೂ ಆಡ್ತೀರಾ ಅಲ್ಲಿ?"

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅವಳ ಕಡೆ ನೋಡಿದೆ. ಟೇಬಲ್ಲಿನ ಕೆಳಗೆ, ಸೀರೆಯ ನೆರಿಗೆಯ ಮೇಲೆ ಅವಳ ಕೈ. ಮುಷ್ಟಿ.

ಕೂತೆ. ನನಗೆ ಕಾಣದ್ದೇನೋ ಅವಳಿಗೆ ಕಂಡಿದೆ, ಹೊತ್ತು ನೋಡಿ ಹೇಳುತ್ತಾಳೆ ಎಂದುಕೊಂಡೆ. ಭಾಯ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಇರಿ ಎಂದು ನಾನೇ ಅವರಿಗೆ ಕೈ ತೋರಿಸಿದೆ. ಹುಡುಗರಿಗೂ ಅದನ್ನೇ ಮಾಡಿದೆ. ನಮ್ಮ ಇಡೀ ತಂಡ ಬಾಯಿ ಕಟ್ಟಿಕೊಂಡಿತು. ಎಂಜಿನಿಯರು ಸುತ್ತ ನೋಡಿದರು. ಆಗ ಅವಳು ಎದ್ದಳು.

"ಕಾಯಂ ಆಟ ಏನಿಲ್ಲ ಸರ್. ಭಾನುವಾರ ಯಾರೋ ಒಂದಷ್ಟು ಜನ ಬಂದು ಹೋಗ್ತಾರೆ, ಅಷ್ಟೇ."

ಯಾರೋ! ಮೂವತ್ತು ವರ್ಷ ನನ್ನ ಚೆಂಡು ಹಿಡಿದು ಅಂಗೈ ಕೆಂಪು ಮಾಡಿಕೊಂಡವಳ ಬಾಯಲ್ಲಿ ನಾನು 'ಯಾರೋ'.

"ಅರೆ ಅಲ್ಲಾ! ಯಾರೋ ಅಂದ್ರೆ?" ಎಂದು ಭಾಯ್ ಎದ್ದರು. "ನಾವೆಲ್ಲಾ ಏನು ಹೊಂಗೆಮರ ನೋಡಕ್ಕೆ ಬರ್ತೀವಾ, ಆಪಾ?" ನಾನೂ ಕೂಗಾಡಿದೆ, ಏನು ಕೂಗಿದೆನೋ ನೆನಪಿಲ್ಲ. ಎಂಜಿನಿಯರು ಕೈ ಎತ್ತಿ ಸುಮ್ಮನಾಗಿಸಿದರು. "ಮೇಡಂ, ಕೇಳ್ದಾಗ ಒಬ್ರೂ ಏಳ್ಲಿಲ್ಲ. ಈಗ ನಿಮ್ಮ ಕಮಿಟಿಯವ್ರೇ ಹೇಳಿದ್ಮೇಲೆ ಜಗಳಕ್ಕೆ ನಿಂತ್ರೆ ನಾನೇನ್ಮಾಡ್ಲಿ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಶೆಡ್ ಬಯಲಿಗೇ ಎಂದಾಯಿತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಾಗ ಸುಮ್ಮನೆ ಗಾದೆ ಅಂದುಕೊಂಡಿದ್ದೆ. ಹೊರಗೆ ಬಂದು ಅವಳನ್ನು ಮೆಟ್ಟಿಲ ಹತ್ತಿರ ತಡೆದೆ.

"ನಿನ್ನೆ ನನ್ ಮನೇಲಿ ತಿಂದ್ಯಲ್ಲೇ, ಆಗ್ಲೇ ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ನೀನು ಒಪ್ತಿದ್ಯಾ?"

"ಇಲ್ಲ."

"ಮತ್ತೆ?" ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನಿನ್ ಗೇಟ್ ಮುಂದೆ ಸುರಿದಿದ್ರೆ ನಿಂಗೆ ಗೊತ್ತಾಗ್ತಿತ್ತು. ಇನ್ನೊಂದ್ ವರ್ಷ ಆ ಹೊಗೆ ಕುಡ್ಯೋಕೆ ನಮ್ಮತ್ತೆ ಉಳಿಯಲ್ಲ ಕಣೇ. ನಿಂಗೆ ಆಟ, ನಂಗೆ ಮನೆ."

"ಹಾಗಿದ್ರೆ ಎದುರಾ ಎದುರು ನಿಂತು ಹೇಳು! ನಾನೂ ಹೇಳ್ತಿದ್ದೆ, ಸೋಲ್ತಿದ್ನೋ ಗೆಲ್ತಿದ್ನೋ. ಮುಷ್ಟಿ ಯಾಕೆ ತೋರಿಸ್ದೆ?"

ಸೆರಗು ಎಳೆದುಕೊಂಡು ನಡೆದಳು.

ಜನ ಈಗ ನನಗೆ ಬುದ್ಧಿ ಹೇಳುತ್ತಾರೆ. ಆಟಕ್ಕಿಂತ ಉಸಿರು ದೊಡ್ಡದಲ್ಲವೇ ಎನ್ನುತ್ತಾರೆ. ಹೌದಪ್ಪಾ, ದೊಡ್ಡದು. ಶೆಡ್ಡಿಗೆ ನನಗೆ ಸಿಟ್ಟಿಲ್ಲ, ಆ ಮುದುಕಿ ಈಗ ಸಂಜೆ ಹೊತ್ತು ಗೇಟಿನ ಹೊರಗೆ ಕುರ್ಚಿ ಹಾಕಿ ಕೂರುವುದನ್ನು ಕಂಡರೆ ಸಂತೋಷವೇ. ಮೂಲೆಯಲ್ಲಿ ತುಳಸಿ, ದಾಸವಾಳದ ಕುಂಡ ಬಂದಿವೆ. ನನ್ನ ಹೊಟ್ಟೆ ಉರಿಯುವುದು ಆ ಒಂದು ಕೈಗೆ. ಅವಳಿಗೆ ನನ್ನ ಬಾಯಿಯ ಭಯವಿತ್ತು. ಆ ಬಾಯಿ ಮುಚ್ಚಿಸುವ ಉಪಾಯ ಲೋಕದಲ್ಲಿ ಒಂದೇ ಇತ್ತು, ಅದು ಅವಳೊಬ್ಬಳಿಗೇ ಗೊತ್ತಿತ್ತು, ಅದನ್ನೇ ಬಳಸಿದಳು.

ಭಾಯ್ ಆಗಾಗ ಫೋನ್ ಮಾಡುತ್ತಾರೆ, ಕೆ.ಆರ್. ಪುರದ ಆಚೆ ಎಲ್ಲೋ ಜಾಗ ನೋಡಿದ್ದೇನೆ ಆಪಾ ಎನ್ನುತ್ತಾರೆ. ನೋಡೋಣ ಎನ್ನುತ್ತೇನೆ. ಹುಡುಗರು ಒಬ್ಬೊಬ್ಬರಾಗಿ ಚದುರಿದರು. ಬೆಳಿಗ್ಗೆ ಹಾಲು ಕಾಯಿಸುವಾಗ ಈಗಲೂ ನನ್ನ ಸೋಲುಬುರುಕ ತಂಡವನ್ನು ನೋಡುತ್ತೇನೆ. ಕ್ಯಾಚರ್ ಬೆರಳು ತೋರಿಸುತ್ತಾನೆ, ಪಿಚರ್ ತಲೆ ಅಡ್ಡಡ್ಡ ಆಡಿಸುತ್ತಾನೆ. ಎಷ್ಟು ಸಲೀಸಾಗಿ ಆಡಿಸುತ್ತಾರೆ ಅವರು!

ಮೊನ್ನೆ ಭಾನುವಾರ ಬಾಗಿಲಿಗೆ ನೀರು ಹಾಕಿ ಎದ್ದಾಗ ಅವಳು ನಮ್ಮ ಬೀದಿಯ ತುದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಆ ಹಳೆಯ ಗ್ಲೌಸು, ಭಾಯ್ ಹೊಲಿಸಿಕೊಟ್ಟದ್ದು. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತಳು. ಎದುರು ಮನೆಯವರು ಪೇಪರು ಇಳಿಸಿ ನೋಡಿದರು. ನಾನು ಒಳಗೆ ಹೋಗಿ ಚೆಂಡು ತಂದೆ. ಯಾಕೆ ತಂದೆನೋ, ಕೈಗೆ ಅಭ್ಯಾಸ.

ಒಂದು ಬೆರಳು ತೋರಿಸಿದಳು. ತಲೆ ಅಡ್ಡ ಆಡಿಸಿದೆ. ಜನ್ಮದಲ್ಲಿ ಮೊದಲ ಸಲ. ಅವಳ ಮುಖ ನೋಡುವ ಹಾಗಿರಲಿಲ್ಲ. ಎರಡು ತೋರಿಸಿದಳು. ಬೇಡ. ಮೂರು. ಬೇಡ. ಆಮೇಲೆ, ಬೇಕೆಂದೇ ತೋರಿಸಿದಳೋ, ತೋರಿಸಲು ಇನ್ನೇನೂ ಉಳಿದಿರಲಿಲ್ಲವೋ, ಮುಷ್ಟಿ ಹಿಡಿದಳು.

ಅದಕ್ಕೆ ನಾನು ತಲೆ ಆಡಿಸಲಿಲ್ಲ. ಅವಳು ಹೇಳಿದಂತೆಯೇ ಮಾಡಿದೆ. ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಒಳಗೆ ಬಂದು ಗೇಟು ಹಾಕಿದೆ.