ಬ್ಯಾಕಪ್ಪಿಗೂ ಆಯುಧಪೂಜೆಯ ರಜೆ

ಕೆಂಪರಾಜ್‌ಗೆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಕಟ್ಟಡದಿಂದ. ಮಹದೇವಪುರದಲ್ಲಿ ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಐದು ಮಹಡಿ ಎದ್ದಿತ್ತು. ಬಾಡಿಗೆಗೆ ಬಂದ ಕಂಪನಿಯವರು, ಓನರ್ ಮಗನನ್ನು ಎದುರು ಹಾಕಿಕೊಳ್ಳುವುದೇಕೆಂದು ಅವನನ್ನು ಸಿಸ್ಟಮ್ಸ್ ಮ್ಯಾನೇಜರ್ ಮಾಡಿದರು. ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳ ರೋಗಿಗಳ ದಾಖಲೆ ಇಟ್ಟುಕೊಳ್ಳುವ ಕಂಪನಿ ಅದು. ಮೂರು ತಿಂಗಳ ಕೋರ್ಸು ಮುಗಿಸಿದ್ದೇ ತಡ, ಇವನಿಗೆ ಕೊಂಬು ಬಂತು. ಕಾಗದ ಕಂಡರೆ ಮೂಗು ಮುರಿಯತೊಡಗಿದ. ತಾಯಿ ಅಣ್ಣಮ್ಮ ಆಸ್ಪತ್ರೆ ಚೀಟಿಗಳನ್ನು ಬಿಸ್ಕತ್ ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದದ್ದೂ ಅವನಿಗೆ ಅವಮಾನ.

"ಇವೆಲ್ಲ ಎಸ್ದಾಕಮ್ಮ. ಎಲ್ಲ ನಮ್ ಕಂಪ್ಯೂಟರಲ್ಲೇ ಐತೆ."

ಅವನ ಕೈಕೆಳಗೆ ಈ ದಾಖಲೆಗಳ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವಳು ಅಲಿಯಾ. ಶಿವಾಜಿನಗರದಿಂದ ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇನ್ನೊಂದಕ್ಕೆ ನೂಕಾಡಿ ಬರುತ್ತಿದ್ದಳು. ಕೆಲಸ ಬಲ್ಲವಳು, ಅದಕ್ಕೇ ಅವಳನ್ನು ಕಂಡರೆ ಇವನಿಗೆ ಆಗುತ್ತಿರಲಿಲ್ಲ. ಡೇಟಾಬೇಸ್‌ಗಳೆಲ್ಲ ಕಂಟೇನರುಗಳಲ್ಲಿ ಓಡುತ್ತಿದ್ದವು. ಪ್ರೋಗ್ರಾಮನ್ನು ಡಬ್ಬಿಯಲ್ಲಿ ತುಂಬಿ, ಅಂಥ ಹತ್ತಾರು ಡಬ್ಬಿಗಳನ್ನು ಒಟ್ಟಿಗೆ ನಡೆಸುವ ಏರ್ಪಾಡು ಅದು.

"ಒಂದು ಡಬ್ಬಿ ಬಿದ್ರೆ ಇನ್ನೊಂದು ತಾನೇ ಎದ್ದು ನಿಲ್ಲುತ್ತೆ. ದಿನಾ ಬ್ಯಾಕಪ್ ಯಾಕ್ರೀ?" ಎಂದು ಒಮ್ಮೆ ಎಲ್ಲರೆದುರು ಅವಳನ್ನು ಕೇಳಿದ.

"ಡಬ್ಬಿ ಏಳುತ್ತೆ ಸಾರ್. ಒಳಗಿನ ಅಕ್ಕಿ ಚೆಲ್ಲೋಗಿರುತ್ತೆ."

ಹೆಂಗಸರಿಗೆ ಅಡುಗೆಮನೆ ಬಿಟ್ಟು ಬೇರೆ ಮಾತು ಬರುವುದಿಲ್ಲ ಎಂದು ನಕ್ಕ, ಮೂರ್ಖ.

ಆಯುಧಪೂಜೆ ಬಂತು. ಬೂದುಗುಂಬಳ ಒಡೆಸಿ, ಲ್ಯಾಪ್‌ಟಾಪುಗಳಿಗೆ ಕುಂಕುಮ ಮೆತ್ತಿಸಿ, ಹೊಸ ಜುಬ್ಬದಲ್ಲಿ ಫೋಟೋ ತೆಗೆಸಿಕೊಂಡ. ಪೂಜೆಗಿಟ್ಟ ಆಯುಧವನ್ನು ಮುಟ್ಟಬಾರದಲ್ಲ? ನರ್ಸಿಂಗ್ ಹೋಮ್‌ಗಳ ಕೆಲಸ ನಿಲ್ಲಿಸುವ ಧೈರ್ಯವಿರಲಿಲ್ಲ. ದಾಖಲೆಗಳ ನಕಲನ್ನು ದಿನಾ ಬೇರೆಡೆ ತೆಗೆದಿಡುವ, ಯಾರ ಕಣ್ಣಿಗೂ ಬೀಳದ ಬ್ಯಾಕಪ್ಪನ್ನು ನಿಲ್ಲಿಸಿದ. "ಅದಕ್ಕೂ ಒಂದಿನ ರೆಸ್ಟ್ ಬೇಕು ಗುರು," ಎಂದು ಎಲ್ಲರನ್ನೂ ನಗಿಸಿದ. ಮತ್ತೆ ಶುರು ಮಾಡುವುದನ್ನು ಮರೆತ. ಅಲಿಯಾ ನೆನಪಿಸಿದಾಗ, ಆಗಿದೆ, ನಿಮ್ಮ ಕೆಲಸ ನೋಡ್ಕೊಳ್ಳಿ ಎಂದ. ಬ್ಯಾಕಪ್ಪನ್ನು ಮುಟ್ಟುವ ಪಾಸ್‌ವರ್ಡ್ ತನ್ನೊಬ್ಬನ ಬಳಿಯೇ ಇರಬೇಕೆಂದು ಹಟ ಹಿಡಿದವನೂ ಅವನೇ. ಇಂಥವರಿಗೆ ಅಧಿಕಾರವೆಂದರೆ ಬಲ್ಲವರ ಕೈ ಕಟ್ಟಿಹಾಕುವುದು.

ದೀಪಾವಳಿ ಹೊತ್ತಿಗೆ, ಇವನ ಕಂಪನಿಯೇ ದಾಖಲೆ ಇಡುತ್ತಿದ್ದ ಒಂದು ನರ್ಸಿಂಗ್ ಹೋಮಿನಲ್ಲಿ ಕೊಟ್ಟ ಇಂಜೆಕ್ಷನ್ ಒಗ್ಗದೆ ಅಣ್ಣಮ್ಮನ ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡಿತು. ಬದುಕಿದ್ದೇ ಹೆಚ್ಚು. ಜೊತೆಗಿದ್ದವಳು ಪಕ್ಕದ ಮನೆಯ ಶಾಂತಕುಮಾರಿ, ಮಗನಿಗೆ ಪುರುಸೊತ್ತಿರಲಿಲ್ಲ. ಡಾಕ್ಟರು ಆ ಔಷಧಿಯ ಹೆಸರನ್ನು ಕಂಪ್ಯೂಟರಿಗೂ ಹಾಕಿ, ಚೀಟಿಯಲ್ಲೂ ಬರೆದುಕೊಟ್ಟರು. ಸಂಕ್ರಾಂತಿಗೆ ಮನೆಗೆ ಸುಣ್ಣ ಬಳಿಸುವಾಗ ಕೆಂಪರಾಜ್ ಆ ಬಿಸ್ಕತ್ ಡಬ್ಬಿಯನ್ನು ತಾನೇ ಕಸದ ಗಾಡಿಗೆ ಹಾಕಿದ.

ಶಿವರಾತ್ರಿ ಕಳೆದ ಮೇಲೆ, ಜಾಗ ಉಳಿಸುತ್ತೇನೆಂದು ಕೂತವನು ಡೇಟಾಬೇಸಿನ ಡಿಸ್ಕನ್ನೇ ಅಳಿಸಿಬಿಟ್ಟ. ಅವನು ಹೇಳಿದಂತೆಯೇ ಡಬ್ಬಿಗಳು ತಾವಾಗಿ ಎದ್ದು ನಿಂತವು, ಖಾಲಿಯಾಗಿ. ಅಲಿಯಾ ಅವನಿಂದ ಪಾಸ್‌ವರ್ಡ್ ಇಸಿದುಕೊಂಡು ಕೊನೆಯ ಬ್ಯಾಕಪ್ ಹುಡುಕಿ ಹಾಕಿದಳು. ಅದು ಆಯುಧಪೂಜೆಯ ಹಿಂದಿನ ದಿನದ್ದು. ಅಲ್ಲಿಂದೀಚಿನ ಕಾಯಿಲೆ, ಹೆರಿಗೆ, ಆಪರೇಷನ್ ಯಾವುದೂ ಉಳಿದಿರಲಿಲ್ಲ. ಕೆಂಪರಾಜ್ ತಪ್ಪನ್ನೆಲ್ಲ ಸರ್ವರ್ ಬಾಡಿಗೆಗೆ ಕೊಟ್ಟ ಕ್ಲೌಡ್‌ನವರ ಮೇಲೆ ಹಾಕಿ ಒಂದು ಮೇಲ್ ಕಳಿಸಿ, ಊಟಕ್ಕೆ ಹೊರಟ.

ಆ ವಾರವೇ ಅಣ್ಣಮ್ಮನ ಕಾಲಲ್ಲಿ ಕೀವಾಗಿ ಜ್ವರ ಏರಿತು. ಶಾಂತಕುಮಾರಿ ಊರಲ್ಲಿರಲಿಲ್ಲ, ಮೊದಲ ಸಲ ಮಗನೇ ಅದೇ ನರ್ಸಿಂಗ್ ಹೋಮಿಗೆ ಕರೆದೊಯ್ದ. ದೀಪಾವಳಿಯಲ್ಲಿದ್ದ ಡಾಕ್ಟರು ಕೆಲಸ ಬಿಟ್ಟು ಹೋಗಿದ್ದರು. ಸಿರಿಂಜು ಹಿಡಿದ ನರ್ಸು ಕಂಪ್ಯೂಟರ್ ನೋಡಿ ತಿರುಗಿದಳು.

"ಇವ್ರಿಗೆ ಯಾವ್ದಾದ್ರೂ ಇಂಜೆಕ್ಷನ್ ಆಗಲ್ವಾ ಸಾರ್? ಇಲ್ಲೇನೂ ಬರ್ತಿಲ್ಲ."

ಕೆಂಪರಾಜ್ ತಾಯಿಯ ಮುಖ ನೋಡಿದ.

"ಒಂದಕ್ಕೆ ಮುಖ ಊದ್ಕಂಡು ಸಾಯೋ ಹಂಗಾಗಿತ್ತು," ಎಂದಳು ಅಣ್ಣಮ್ಮ. "ಹೆಸ್ರು ಚೀಟೀಲಿತ್ತು. ಎಲ್ಲ ನಿನ್ ಕಂಪ್ಯೂಟರಲ್ಲೈತೆ ಅಂದ್ಯಲ್ಲಪ್ಪ, ನೋಡಿ ಹೇಳು."

ನರ್ಸು ಸಿರಿಂಜನ್ನು ಟ್ರೇಗೆ ವಾಪಸ್ಸಿಟ್ಟು, ಅವನು ಹೇಳಲೆಂದು ಕಾದಳು.