ಯಾರೂ ಇಲ್ಲವೆಂದು ನಾನು ಬರೆದ ಮನೆ

ಆ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಬರೆದು ಸಹಿ ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆಫೀಸು, ಕಾನೂನು, ಮಳೆ ಎಂದು ನಾನು ನೆಪ ತೆಗೆಯುತ್ತಾ ಹೋದರೆ ಯಾರೂ ನಂಬಬೇಕಾಗಿಲ್ಲ.

ನನ್ನ ಗಂಡ ಡಾಕ್ಟರು. ಈ ದೇಶಕ್ಕೆ ಬಂದ ಮೇಲೆ ರಾಜಧಾನಿಯ ಹೊರವಲಯದ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಮೂರು ವರ್ಷ ಬಾಡಿಗೆಗಿದ್ದ ಮನೆಯನ್ನು ಒಡೆಯ ಮಾರುತ್ತೇನೆಂದು ನೋಟಿಸು ಕೊಟ್ಟ ಹೊತ್ತಿಗೆ, ಇವರಿಗೆ ಪಶ್ಚಿಮದ ಕಡೆಯ ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಗರ ಯೋಜನೆಯಲ್ಲಿ ಮಾಸ್ಟರ್ಸ್ ಮುಗಿಸಿದ್ದ ನನಗೆ ಅದೇ ಊರಿನ ಕೌನ್ಸಿಲಿನ, ಅಂದರೆ ನಗರಸಭೆಯ, ಖಾಲಿ ಮನೆಗಳ ವಿಭಾಗದಲ್ಲಿ ಜಾಗ ಸಿಕ್ಕಿತು. ಊರ ನಡುವೆ ವರ್ಷಗಟ್ಟಲೆ ಪಾಳು ಬಿದ್ದ ಮನೆಗಳನ್ನು ಹುಡುಕುವುದು ನನ್ನ ಕೆಲಸ. ಒಡೆಯರ ಸುಳಿವು ಸಿಗದಿದ್ದರೆ ಬಾಗಿಲಿಗೆ ನೋಟಿಸು ಅಂಟಿಸುತ್ತೇವೆ. ಗಡುವಿನೊಳಗೆ ಯಾರೂ ಆಕ್ಷೇಪಣೆ ಸಲ್ಲಿಸದಿದ್ದರೆ ಮನೆ ಕೌನ್ಸಿಲಿನದಾಗುತ್ತದೆ. ಅದನ್ನು ರಿಪೇರಿ ಮಾಡಿಸಿ, ಕಡಿಮೆ ಬಾಡಿಗೆಗೆ, ಕಾಯುವವರ ಪಟ್ಟಿಯಲ್ಲಿ ಮೊದಲಿರುವವರಿಗೆ ಕೊಡುತ್ತೇವೆ.

ಒಳ್ಳೆಯ ಕೆಲಸವೇ. ಮನೆಯಿಲ್ಲದೆ, ಕೌನ್ಸಿಲ್ ಇರಿಸಿದ ಹೋಟೆಲಿನ ಒಂದೇ ಕೋಣೆಯಲ್ಲಿ ವರ್ಷದ ಮೇಲೆ ಕಳೆದ ತಾಯಿ ಮಕ್ಕಳಿಗೆ ಹೀಗೆ ಒಂದು ಮನೆಯ ಬೀಗದ ಕೈ ಕೊಟ್ಟ ದಿನ ನಾನೂ ಅಲ್ಲಿದ್ದೆ. ಚಿಕ್ಕ ಹುಡುಗಿ ಅಡುಗೆಮನೆಯ ಡ್ರಾಗಳನ್ನು ಒಂದೊಂದಾಗಿ ಎಳೆದು ಮುಚ್ಚುತ್ತಾ ಸಂಭ್ರಮಿಸುತ್ತಿದ್ದಳು. ಅಂದಿನಿಂದ ಬೀಗ ಬಿದ್ದ ಮನೆ ಕಂಡರೆ ನನಗೆ ಮೈಯೆಲ್ಲ ಉರಿ. ಹಸಿದವರ ಕಣ್ಣೆದುರು ಅನ್ನ ಹಳಸಲು ಬಿಟ್ಟ ಹಾಗೆ ಅನ್ನಿಸುತ್ತಿತ್ತು.

ನನ್ನ ಕಣ್ಣಿನ ಮೇಲೆ ನನಗೆ ವಿಪರೀತ ಜಂಬವಿತ್ತು. ಹೊಸ್ತಿಲು ನೋಡಿದರೆ ಸಾಕು, ಮನೆಯ ಜಾತಕ ಹೇಳುತ್ತೇನೆ ಎಂದು ಆಫೀಸಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ನಾನು ಬೆಳೆದದ್ದು ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಬೀದಿಯಲ್ಲಿ. ಯಾರ ಮನೆಯ ಮುಂದೆ ರಂಗೋಲಿ ಬೀಳಲಿಲ್ಲವೋ ಅಲ್ಲಿ ಸಾವಾಗಿದೆ, ಇಲ್ಲವೇ ಜನ ಊರಲ್ಲಿಲ್ಲ. ಹಿತ್ತಿಲ ಬಾಗಿಲನ್ನು ಯಾರು ಲೆಕ್ಕಕ್ಕಿಡುತ್ತಾರೆ? ಅದು ಪಾತ್ರೆ ತೊಳೆಯುವ ಜಾಗ.

ಆ ಮನೆ ಸಾಲು ಮನೆಗಳ ಬೀದಿಯಲ್ಲಿ ಮೂಲೆಯಿಂದ ಮೂರನೆಯದು. ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ಬಾಗಿಲ ಬಣ್ಣ ಸಿಪ್ಪೆಯೇಳುತ್ತಿತ್ತು, ಕಾಗದ ಹಾಕುವ ಸಂದಿಗೆ ಒಳಗಿನಿಂದ ಹಲಗೆ ಬಡಿದಿದ್ದರು. ದಾಖಲೆಯಲ್ಲಿದ್ದ ಒಡತಿ ಯಾವಾಗಲೋ ತೀರಿಹೋಗಿದ್ದಳು. ಅವಳ ಹೆಸರಿಗೆ ಕಳಿಸಿದ ಪತ್ರಗಳಿಗೆ ಉತ್ತರವಿರಲಿಲ್ಲ. ಮೊದಲ ಸಲ ಹೋದಾಗ ಬಾಗಿಲ ಬುಡಕ್ಕೆ ಒಂದು ಒಣಕಡ್ಡಿ ಒರಗಿಸಿ ಬಂದೆ. ಎರಡನೆಯ ಸಲವೂ ಕಡ್ಡಿ ಅಲ್ಲೇ ಇತ್ತು. ಮೂರನೆಯ ಸಲವೂ ಅಲ್ಲೇ ಇತ್ತು.

ಆದರೆ ಆ ಮೂರನೆಯ ಸಲ ಕಲ್ಲಿದ್ದಲ ಹೊಗೆಯ ವಾಸನೆ ಬಂತು. ಪಕ್ಕದ ಮನೆಯದಿರಬೇಕು ಅಂದುಕೊಂಡೆ. ಬಾಗಿಲು ಬಡಿದು ಕಿವಿಗೊಟ್ಟಾಗ ಆಚೆ ಬದಿಯಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನ್ನಿಸಿತು. ನನ್ನ ಹೆದರಿಕೆಗೆ ನಾನೇ ನಕ್ಕು ಕಾರು ಹತ್ತಿದೆ. ಮನೆಯ ಹಿಂಭಾಗವನ್ನೂ ನೋಡಬೇಕೆಂಬುದು ನಿಯಮ. ಮಳೆ ಹೊಯ್ಯುತ್ತಿತ್ತು. ಹಿಂದಿನ ಓಣಿಯ ತುದಿಯಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದಲೇ ಒಮ್ಮೆ ಇಣುಕಿ, ಫಾರಮ್ಮಿನಲ್ಲಿ ‘ಹಿಂಭಾಗ ಪರಿಶೀಲಿಸಿದೆ’ ಎಂಬಲ್ಲಿ ಗುರುತು ಹಾಕಿ, ಅವತ್ತೇ ವರದಿಗೆ ಸಹಿ ಮಾಡಿದೆ. ಮುಂದಿನ ವಾರ ಬಾಗಿಲಿಗೆ ನೋಟಿಸು ಅಂಟಿಸಿದೆವು. ಯಾರೂ ಅದನ್ನು ಮುಟ್ಟಲಿಲ್ಲ. ಗಡುವು ಮುಗಿಯಿತು, ಮನೆ ಕೌನ್ಸಿಲಿನದೆಂದು ಆದೇಶವೂ ಆಯಿತು.

ಆದೇಶವಾಗಿ ಒಂದು ವಾರ ಕಳೆದಿತ್ತು. ಊಟಕ್ಕೆ ಕೂತಾಗ ಆ ಬೀದಿಯ ಮಾತು ಬಂತು. ನನ್ನ ಗಂಡ ಆಸ್ಪತ್ರೆಗೆ ನಡೆದು ಹೋಗುವುದು ಆ ಹಿಂದಿನ ಓಣಿಯಲ್ಲೇ.

"ಅಲ್ಲೊಬ್ರು ಇದಾರೆ ಕಣೇ, ದಿನಾ ಬೆಳಿಗ್ಗೆ ಬಕೆಟ್ನಲ್ಲಿ ಬೂದಿ ತಂದು ಕಸದ ಬಿನ್ನಿಗೆ ಹಾಕ್ತಿರ್ತಾರೆ. ‘ಗ್ರ್ಯಾಂಡ್ ಮಾರ್ನಿಂಗ್, ಡಾಕ್ಟರ್’ ಅಂತಾರೆ. ತುಂಬಾ ಒಳ್ಳೇವ್ರು."

"ಯಾವ ಗೇಟಿಂದ ಬರ್ತಾರೆ?"

"ಹಸಿರು ಗೇಟು. ಮೂಲೆಯಿಂದ ಮೂರನೇದು."

ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಮಗಳು "ಆರ್ ಯು ಗ್ರ್ಯಾಂಡ್, ಅಮ್ಮ?" ಎಂದು ಇಲ್ಲಿನವರ ಮಾತಿನಲ್ಲೇ ಹುಷಾರು ವಿಚಾರಿಸಿದಳು. ಏನೂ ಇಲ್ಲ ಎಂದೆ.

ಮರುದಿನ ಬೆಳಿಗ್ಗೆ ಹಸಿರು ಗೇಟು ತಳ್ಳಿದೆ. ಗುಡಿಸಿ ಚೊಕ್ಕಟ ಮಾಡಿದ ಪುಟ್ಟ ಅಂಗಳ, ಹಗ್ಗದ ಮೇಲೆ ಎರಡು ಅಂಗಿ. ತೆರೆದೇ ಇದ್ದ ಅಡುಗೆಮನೆಯ ಬಾಗಿಲಿನಿಂದ ಅರವತ್ತರ ಆಸುಪಾಸಿನ ಗಂಡಸೊಬ್ಬರು ನನ್ನನ್ನು ನೋಡಿ, ಅಚ್ಚರಿಯೇ ಇಲ್ಲದೆ ಒಳಗೆ ಕರೆದು ಟೀ ಬಗ್ಗಿಸಿದರು.

"ನೀವು ಮೂರು ಸಲ ಮುಂದ್ಗಡೆ ಬಂದಿದ್ರಿ. ಪರದೆ ಸಂದಿಯಿಂದ ನೋಡ್ದೆ. ಯಾವ್ದೋ ಧರ್ಮ ಪ್ರಚಾರದವ್ರು ಅಂದ್ಕೊಂಡು ಸುಮ್ನಿದ್ಬಿಟ್ಟೆ."

ಮುಂದಿನ ಬಾಗಿಲನ್ನು ತೆಗೆಯುವುದೇ ಇಲ್ಲವೇ ಎಂದು ಕೇಳಿದೆ.

"ಅದು ಪಾದ್ರಿಗಳಿಗೆ, ಹೆಣಕ್ಕೆ. ಕೊನೇ ಸಲ ತೆಗ್ದಿದ್ದು ಅಮ್ಮನ್ನ ಹೊತ್ಕೊಂಡು ಹೋದಾಗ. ನಮ್ಮ ಬೀದೀಲಿ ಎಲ್ರೂ ಹಿಂದ್ಗಡೆಯಿಂದಾನೇ ಓಡಾಡೋದು. ಪೋಸ್ಟಿನವನೂ ಇಲ್ಲಿಗೇ ಬರ್ತಾನೆ."

ಒಲೆಯ ಮೇಲಿನ ಗೂಡಿನಲ್ಲಿ ದಾರ ಕಟ್ಟಿದ ಲಕೋಟೆಗಳ ಕಟ್ಟಿತ್ತು. ಎಲ್ಲವೂ ಅವರ ತಾಯಿಯ ಹೆಸರಿಗೆ ಬಂದವು. ಇನ್ನೊಬ್ಬರ ಹೆಸರಿನ ಕಾಗದ ಒಡೆಯುವುದು ತಪ್ಪೆಂದು ಒಂದನ್ನೂ ಒಡೆದಿರಲಿಲ್ಲ. ನಮ್ಮ ಆಫೀಸಿನ ಮುದ್ರೆಯವು ನಾಲ್ಕಿದ್ದವು.

ನನ್ನ ವರದಿ, ಬಾಗಿಲ ನೋಟಿಸು, ಆದೇಶ ಎಲ್ಲವನ್ನೂ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಎಲ್ಲ ಕೇಳಿಸಿಕೊಂಡು ಒಲೆಗೆ ಎರಡು ತುಂಡು ಕಲ್ಲಿದ್ದಲು ಹಾಕಿದರು.

"ಹಾಗಾದ್ರೆ ಈಗ ನಾನು ಯಾರ ಮನೇಲಿ ಕೂತಿದೀನಿ?"

ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಆಫೀಸಿಗೆ ಹೋಗಿ ನನ್ನ ವರದಿ ಸುಳ್ಳು ಎಂದೆ. ನನ್ನ ಮೇಲಧಿಕಾರಿ ಮೃದು ಮನುಷ್ಯ. ಬೈದಿದ್ದರೆ ಚೆನ್ನಾಗಿತ್ತು.

"ಅವ್ರ ಹೆಸ್ರಲ್ಲಿ ಮನೆ ಪತ್ರ ಇದ್ಯಾ?" ಎಂದು ಕೇಳಿದರು.

ಇರಲಿಲ್ಲ. ತಾಯಿ ಉಯಿಲು ಬರೆದಿರಲಿಲ್ಲ, ತಮ್ಮನೊಬ್ಬ ಆಸ್ಟ್ರೇಲಿಯಾದಲ್ಲಿ ಎಲ್ಲೋ ಇದ್ದ, ಇವರು ಯಾವ ಕಾಗದವನ್ನೂ ಮಾಡಿಸಿರಲಿಲ್ಲ. ಹುಟ್ಟಿದ ಮನೆಗೆ ಕಾಗದ ಏಕೆ ಬೇಕು ಅಂದುಕೊಂಡಿದ್ದರು.

"ಹಕ್ಕು ತೋರಿಸಿದ್ರೆ ಮುಂದೆ ಪರಿಹಾರದ ಹಣ ಸಿಗ್ಬಹುದು. ಮನೆ ಸಿಗೋದು ಕಷ್ಟ. ನೀವು ಬರ್ದು ಕೊಡಿ, ವಕೀಲ್ರಿಗೆ ಕಳಿಸ್ತೀನಿ."

ಬರೆದುಕೊಟ್ಟೆ. ಹಿಂಭಾಗ ನೋಡದೆ ಗುರುತು ಹಾಕಿದ್ದನ್ನೂ ಮುಚ್ಚಿಡದೆ ಬರೆದೆ. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಆದೇಶವನ್ನೂ ಯಾರೂ ತಡೆಯಲಿಲ್ಲ. ವಕೀಲರ ಉತ್ತರಕ್ಕಾಗಿ ದಿನಾ ಮೇಲ್ ತೆಗೆದು ನೋಡುತ್ತಿದ್ದೆ. ಅದಕ್ಕೂ ಮೊದಲು ಬಂದದ್ದು ಮನೆಯನ್ನು ಎರಡು ಫ್ಲ್ಯಾಟ್ ಮಾಡುವ ನಕ್ಷೆ. ಕಾಯುವವರ ಪಟ್ಟಿಯ ಮೊದಲ ಎರಡು ಕುಟುಂಬಗಳಿಗೆ ಅವು ಹಂಚಿಕೆಯಾಗಿದ್ದವು. ಅವರಿಗೂ ಮಕ್ಕಳಿದ್ದರು, ಅವರೂ ಹೋಟೆಲಿನಲ್ಲಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ. ಹಸಿರು ಗೇಟಿನವರು ಒಂಟಿ ಗಂಡಸು, ಮನೆಗೆ ಅರ್ಜಿ ಹಾಕಿದರೂ ಪಟ್ಟಿಯ ಕೊನೆಗೆ.

ಆ ಅರ್ಜಿ ತುಂಬಿಸಲು ನಾನೇ ಹೋದೆ. ಮಹಡಿಯ ಮೇಲೆ ಕಂಟ್ರಾಕ್ಟರಿನ ಜನ ಅಳತೆ ಹಿಡಿಯುತ್ತಿದ್ದರು. ಅವರ ಬೂಟಿನ ಸದ್ದು ತಾಯಿ ಮಲಗುತ್ತಿದ್ದ ಕೋಣೆಯಿಂದ ಬರುತ್ತಿದೆ ಎಂದು ಇವರು ಹೇಳಿದರು. ಕನ್ನಡಕ ಸಿಗುತ್ತಿಲ್ಲ, ನೀವೇ ಬರೆಯಿರಿ ಎಂದು ಪೆನ್ನು ನನ್ನ ಕೈಗೆ ಕೊಟ್ಟರು. ಹೆಸರು ಬರೆದೆ, ವಯಸ್ಸು ಬರೆದೆ. ಮುಂದಿನ ಪ್ರಶ್ನೆಯನ್ನು ಓದಿ ಹೇಳಿದೆ: ‘ಯಾವ ದಿನದಿಂದ ನಿಮಗೆ ಸ್ವಂತ ನೆಲೆಯಿಲ್ಲ?’

ಆದೇಶದ ತಾರೀಕು ಹಾಕಬಹುದಿತ್ತು, ಆಫೀಸಿನವರು ಅದನ್ನೇ ಹಾಕು ಎನ್ನುತ್ತಿದ್ದರು. ನಾನು ವರದಿಗೆ ಸಹಿ ಹಾಕಿದ ದಿನದ ತಾರೀಕನ್ನು ಬರೆದು ಅವರಿಗೆ ಓದಿ ಹೇಳಿದೆ.

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು.

"ನೀವು ಮೂರನೇ ಸಲ ಬಂದ ದಿನ ಅಲ್ವಾ ಅದು? ಮಳೆ ಬರ್ತಿತ್ತು," ಎಂದರು. "ಅವತ್ತು ನಾನು ಮನೇಲೇ ಇದ್ದೆ."