ನಲವತ್ತೊಂದನೆಯ ಚಿತ್ರ

ಹೋದ ತಿಂಗಳು ತೀರಿಕೊಂಡ ಫೋಟೋಗ್ರಾಫರನಿಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಹಾಲಿನವನು ಬೇಗ ಬಂದರೆ ನೀರು ಬೆರೆಸಲು ಪುರುಸೊತ್ತಾಗಲಿಲ್ಲವೇ ಎಂದು ಇವನು ಕೇಳುವನು. ತಡವಾದರೆ ಬೆರೆಸುತ್ತ ಕೂತಿದ್ದೆಯಾ ಎನ್ನುವನು.

ಕಸುಬಿಗೂ ಆ ಗುಣವೇ ಬೇಕಿತ್ತು. ಹಳೆಯ ನಾಣ್ಯಗಳನ್ನು ಹತ್ತು ಪಟ್ಟು ಹಿಗ್ಗಿಸಿ ತೆಗೆಯುವ ಕೆಲಸ. ಅಷ್ಟು ಹತ್ತಿರದಿಂದ ಲೆನ್ಸಿಗೆ ಒಂದು ಸಲಕ್ಕೆ ಕೂದಲೆಳೆಯಷ್ಟು ಆಳ ಮಾತ್ರ ಸ್ಪಷ್ಟ. ಹಾಗಾಗಿ ತಿರುಪು ತಿರುಗಿಸಿ ಕ್ಯಾಮೆರಾವನ್ನು ಅಷ್ಟಷ್ಟೇ ಇಳಿಸುತ್ತ ಅರವತ್ತು ಚಿತ್ರ ತೆಗೆದು, ಸ್ಪಷ್ಟ ಭಾಗಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿ ಒಂದೇ ಚಿತ್ರ ಮಾಡುತ್ತಿದ್ದ. ಚಿತ್ರಗಳು ಒಂದಕ್ಕೊಂದು ಸರಿದಿದ್ದರೆ ಕಂಪ್ಯೂಟರೇ ಹೊಂದಿಸಿಕೊಡಬಲ್ಲದಾಗಿತ್ತು. ಅವನು ಅದನ್ನೂ ನಂಬದೆ ಆ ಸೌಕರ್ಯವನ್ನು ಬಂದ್ ಮಾಡಿಟ್ಟಿದ್ದ.

ನಾಣ್ಯದಂಗಡಿಯ ಗೆಳೆಯ ಒಮ್ಮೆ ತನ್ನ ತಾತನ ಬೆಳ್ಳಿ ನಾಣ್ಯ ತಂದುಕೊಟ್ಟ. ಪ್ರದರ್ಶನಕ್ಕೆ ಚಿತ್ರ ಬೇಕಿತ್ತು. ಕೂಡಿಸಿದ ಚಿತ್ರದಲ್ಲಿ ಇಸವಿಯ ಕೊನೆಯ ಅಂಕಿಗೆ ಎರಡು ಅಂಚು! ಯಾರೋ ಅಂಕಿ ತಿದ್ದಿದ್ದಾರೆ. ಮೂವತ್ತು ವರ್ಷದ ಸ್ನೇಹ ಆ ಗೆರೆಯ ಮೇಲೆ ಬಂದು ನಿಂತಿತು. ಕೊಡುವಾಗ ಅವನು ಕೈ ಒರೆಸಿಕೊಂಡದ್ದೇಕೆ? ಚಹಾ ಬೇಡವೆಂದದ್ದೇಕೆ? ಎಲ್ಲ ಬಿಟ್ಟು ನನ್ನ ಕಣ್ಣಿಗೇ ಮಣ್ಣೆರಚುವುದೇ?

ನೇರ ಅಂಗಡಿಗೆ ಹೋದ. "ಏನಯ್ಯ, ಇದು ತಾತ ಕೊಟ್ಟಿದ್ದೋ, ನೀನೇ ಕೆತ್ತಿದ್ದೋ?"

ಗೆಳೆಯ ನಗಲಿಲ್ಲ. "ಹಾಲಿನವನ ಸಾಲಿಗೆ ನನ್ನನ್ನೂ ಸೇರಿಸಿದ್ಯಾ? ನಾಣ್ಯ ನಿನ್ನ ಹತ್ರಾನೇ ಇರ್ಲಿ. ಕಳಂಕ ಇದೆ ಅಂತ ತೋರಿಸಿ ಆಮೇಲೆ ಈ ಮೆಟ್ಟಿಲು ಹತ್ತು."

ತೋರಿಸಿಯೇ ಬಿಡುವೆನೆಂದು ಮನೆಯಲ್ಲಿ ಅರವತ್ತೂ ಚಿತ್ರಗಳನ್ನು ಬಿಡಿಬಿಡಿಯಾಗಿ ತೆರೆದ. ಯಾವುದರಲ್ಲೂ ಅಂಕಿಗೆ ಎರಡು ಅಂಚಿಲ್ಲ. ನಲವತ್ತರ ತನಕ ಅಂಕಿ ಒಂದು ಕಡೆ. ನಲವತ್ತೊಂದರಿಂದ ಎಳೆಯಷ್ಟು ಪಕ್ಕಕ್ಕೆ. ಮಧ್ಯೆ ಯಾರು ಮುಟ್ಟಿದರು? ಬಾಗಿಲ ಚಿಲಕವನ್ನೂ ಪರೀಕ್ಷಿಸಿ ಬಂದ.

ಅಷ್ಟರಲ್ಲಿ ಗೋಡೆಯಾಚೆ ಹೆಂಡತಿಯ ಹೊಲಿಗೆ ಯಂತ್ರ ಸದ್ದು ಮಾಡಿತು. ಮೇಜಿನ ಮೇಲಿದ್ದ ಪೆನ್ಸಿಲು ನಡುಗಿ ಉರುಳಿತು.

"ಅವತ್ತೂ ಹೊಲೀತಿದ್ದೆಯೇನೇ?"

"ಹ್ಞೂಂ, ದಿಂಬಿನ ಗವುಸು. ಯಾಕೆ, ಅದರಲ್ಲೂ ಮೋಸ ಕಾಣ್ತಾ?"

ಅವನು ಚಿತ್ರ, ನಾಣ್ಯ ಎರಡನ್ನೂ ಹಿಡಿದು ಅಂಗಡಿಯ ಮೆಟ್ಟಿಲ ಕೆಳಗೇ ನಿಂತ. "ಕಳಂಕ ನಂದೇ ಕಣಯ್ಯ. ಮೇಜು ಅಲ್ಲಾಡಿದೆ."

ಗೆಳೆಯ ಬಗ್ಗಿ ಚಿತ್ರ ಇಸಿದುಕೊಂಡ. "ಕೊನೆಗೂ ನಿನ್ನ ಮೇಲೆ ನಿಂಗೇ ಅನುಮಾನ ಬಂತಲ್ಲ. ಹತ್ತು ಮೇಲೆ."

ಆ ಎರಡಂಚಿನ ಚಿತ್ರ ಈಗಲೂ ಅಂಗಡಿಯ ಗೋಡೆಯ ಮೇಲಿದೆ. ಅಂಕಿ ತಿದ್ದಿದ್ದಾರಾ ಎಂದು ಗಿರಾಕಿಗಳು ಕೇಳುತ್ತಾರೆ. ಮೊದಲೆಲ್ಲ ಅಂಗಡಿಯವನು ನಗುತ್ತ ಈ ಕತೆ ಹೇಳುತ್ತಿದ್ದ. ಭೂತಗನ್ನಡಿ ತೀರಿಕೊಂಡ ಈ ಒಂದು ತಿಂಗಳಿಂದ, ಇಲ್ಲ, ಎಂದಷ್ಟೇ ಹೇಳುತ್ತಾನೆ.